‘ಮಾ’ ಅನ್ನೋ ಒಂದೇ ಅಕ್ಷರದ ನೂರೆಂಟು ಅರ್ಥ

ಮಾ. ತುಟಿ ಮುಚ್ಚಿ, ಮೂಗಲ್ಲಿ ಒಂಚೂರು ಸದ್ದು ಮಾಡಿ, ಬಾಯಿ ತೆರೆದ್ರೆ ಮುಗೀತು, ಇದಕ್ಕಿಂತ ಸುಲಭದ ಅಕ್ಷರ ಇನ್ನೊಂದಿಲ್ಲ ಅನ್ಸುತ್ತೆ. ಈ ಒಂದೇ ಸದ್ದು ಹಂಗೇರಿಯವರಿಗೆ ‘ಇವತ್ತು’, ಇಟಲಿಯವರಿಗೆ ‘ಆದ್ರೆ’, ಪೋಲೆಂಡಿನವರಿಗೆ ‘ಅವನ ಹತ್ರ ಇದೆ’, ವಿಯೆಟ್ನಾಮಿನವರಿಗೆ ದೆವ್ವ, ಫಿನ್ಲೆಂಡಿನವರಿಗೆ ನೆಲ, ಅರಬ್ಬಿಯಲ್ಲಿ ‘ಏನು’, ಹಿಂದಿಯಲ್ಲಿ ತಾಯಿ, ಸಂಸ್ಕೃತದಲ್ಲಿ ‘ಬೇಡ’, ನಮ್ಮ ಕನ್ನಡದಲ್ಲಿ ಮಾವಿನ ಮರ. ಉಚ್ಚಾರದಲ್ಲಿ ಅಲ್ಲಲ್ಲಿ ಹೆಚ್ಚುಕಮ್ಮಿ ಇದೆ, ಕೆಲವು ಕಡೆ ಉದ್ದ ಕೆಲವು ಕಡೆ ಗಿಡ್ಡ, ಹಂಗೇರಿಯವರ ‘ಅ’ ಸ್ವಲ್ಪ ‘ಒ’ ಕಡೆಗೆ ವಾಲುತ್ತೆ, ಆದ್ರೂ ಕಣ್ಣು ಮುಚ್ಚಿಕೊಂಡು ಕೇಳಿದ್ರೆ ನಮ್ಮ ಕಿವಿಗೆ ಎಲ್ಲಾ ‘ಮಾ’ನೇ.

ಈ ತರದ್ದು ನಂಗೆ ಮುಂಚಿಂದಾನೂ ಹುಚ್ಚು. ಅದಕ್ಕೇ ಈ ತರದ ಪಟ್ಟಿಗಳನ್ನ ಜನ ಹೇಗೆ ಬಳಸ್ತಾರೆ ಅಂತ ನೋಡಿದಾಗ ಬೇಜಾರೂ ಆಗುತ್ತೆ. ಎರಡು ಭಾಷೇಲಿ ಒಂದು ಪದ ಒಂದೇ ತರ ಕೇಳಿಸಿಬಿಟ್ರೆ ಸಾಕು, ಅಲ್ಲಿಂದ ಇಲ್ಲಿಗೆ ಬಂತು, ಇಲ್ಲಿಂದ ಅಲ್ಲಿಗೆ ಹೋಯ್ತು, ನಮ್ಮದೇ ಎಲ್ಲಾ ಭಾಷೆಗೂ ತಾಯಿ, ಅಲ್ಲ ಅವರದ್ದೇ ತಾಯಿ ಅಂತ ಜಗಳ ಶುರು. ನಂಗೆ ಹೇಳ್ಬೇಕಿರೋದು ಇಷ್ಟೇ, ಬಹುಪಾಲು ಸಲ ಇದು ಬರೀ ಕಾಕತಾಳೀಯ, ಆ ಕಾಕತಾಳೀಯವೇ ಎಷ್ಟು ಸೊಗಸು ಅಂದ್ರೆ ಅದಕ್ಕೆ ಇಲ್ಲದ ನೆಂಟಸ್ತಿಕೆ ಅಂಟಿಸೋ ಅಗತ್ಯಾನೇ ಇಲ್ಲ. ಇನ್ನು ನಿಜವಾದ ನೆಂಟಸ್ತಿಕೆ ಇರೋ ಕಡೆ, ಸುಮಾರು ಸಲ ಅದು ಕಿವಿಗೆ ಸಿಗೋದೇ ಇಲ್ಲ.

ಮೊದಲು ನಮಗೆ ಹತ್ತಿರದ್ದರಿಂದಲೇ ಶುರು ಮಾಡ್ತೀನಿ. ವಾಲ್ಮೀಕಿ ಬಾಯಿಂದ ಬಂದ ಮೊದಲ ಶ್ಲೋಕ ಅಂತ ಹೇಳ್ತಾರಲ್ಲ, ಬೇಡನ ಬಾಣಕ್ಕೆ ಕ್ರೌಂಚ ಪಕ್ಷಿ ಬಿದ್ದಾಗ ದುಃಖದಲ್ಲಿ ಹುಟ್ಟಿದ್ದು, ಅದರ ಮೊದಲ ಅಕ್ಷರವೇ ಮಾ. ‘ಮಾ ನಿಷಾದ ಪ್ರತಿಷ್ಠಾಂ ತ್ವಮಗಮಃ ಶಾಶ್ವತೀಃ ಸಮಾಃ, ಯತ್ ಕ್ರೌಂಚಮಿಥುನಾದೇಕಮವಧೀಃ ಕಾಮಮೋಹಿತಮ್’. ಇಲ್ಲಿ ಮಾ ಅಂದ್ರೆ ಬೇಡ, ಕೂಡದು. ಎಲೈ ಬೇಟೆಗಾರ, ಜೋಡಿ ಹಕ್ಕಿಯಲ್ಲಿ ಒಂದನ್ನ ಕೊಂದೆಯಲ್ಲ, ನಿನಗೆ ಎಂದೆಂದಿಗೂ ನೆಲೆ ಸಿಗದೇ ಇರಲಿ ಅನ್ನೋ ಶಾಪ. ಆದ್ರೆ ಸಂಸ್ಕೃತದಲ್ಲಿ ಮಾ ಅಂದ್ರೆ ಲಕ್ಷ್ಮಿ ಅಂತಾನೂ ಇದೆ, ಮಾಧವ ಅನ್ನೋ ಹೆಸರನ್ನ ಮಾ ಮತ್ತು ಧವ, ಅಂದ್ರೆ ಲಕ್ಷ್ಮಿಯ ಗಂಡ ಅಂತ ಬಿಡಿಸೋದು ಇದರಿಂದಲೇ. ಹಾಗಾಗಿ ಹಳೆಯ ವ್ಯಾಖ್ಯಾನಕಾರರು ಏನ್ ಮಾಡಿದ್ರು ಅಂದ್ರೆ, ಮಹಾಕಾವ್ಯ ಶಾಪದಿಂದ ಶುರುವಾಗೋದು ಸರಿಯಲ್ಲ ಅಂತ ‘ಮಾ’ ಮತ್ತು ‘ನಿಷಾದ’ ಎರಡನ್ನೂ ಕೂಡಿಸಿ ‘ಮಾನಿಷಾದ’ ಅಂತ ಓದಿದ್ರು. ಲಕ್ಷ್ಮಿ ನೆಲೆಸಿರೋ ಜಾಗ, ಅಂದ್ರೆ ವಿಷ್ಣು. ಹಾಗೆ ಓದಿದ್ರೆ ಜೋಡಿಯಲ್ಲಿ ಸತ್ತಿದ್ದು ಹಕ್ಕಿ ಅಲ್ಲ, ರಾವಣ. ನೀನು ರಾವಣ ಮಂಡೋದರಿಯರ ಜೋಡಿಯಲ್ಲಿ ಕಾಮಮೋಹಿತನಾದ ಒಬ್ಬನನ್ನ ಕೊಂದೆ, ನಿನಗೆ ಶಾಶ್ವತ ಕೀರ್ತಿ ಬರಲಿ ಅಂತ ಮಂಗಳದ ಮಾತಾಗಿಬಿಡುತ್ತೆ. ಅಕ್ಷರ ಒಂದೂ ಬದಲಾಗಿಲ್ಲ. ನನ್ನ ಮನಸ್ಸು ಮೊದಲ ಅರ್ಥದ ಕಡೆಗೇ ಇದೆ, ಹಕ್ಕಿ ಸತ್ತಿದ್ದಕ್ಕೆ ಕರುಳು ಕಿವುಚಿ ಬಂದ ಮಾತು ಅಂದುಕೊಂಡಾಗಲೇ ಆ ಶ್ಲೋಕಕ್ಕೆ ಜೀವ, ಆದ್ರೆ ಒಂದೇ ಭಾಷೆಯ ಒಳಗೇ ಎರಡು ಮಾ ಇದ್ದದ್ದಕ್ಕೆ ಒಂದು ಶಾಪ ಹರಕೆಯಾಗೋಕೆ ಸಾಧ್ಯ ಆಯ್ತು ಅನ್ನೋದನ್ನ ನೆನೆದಾಗೆಲ್ಲಾ ಮೈ ಜುಮ್ ಅನ್ನುತ್ತೆ.

ಗೀತೆಯ ಕೊನೆಯ ಅಧ್ಯಾಯದಲ್ಲಿ ಬರೋ ‘ಮಾ ಶುಚಃ’, ದುಃಖಿಸಬೇಡ, ಅದೂ ಇದೇ ಬೇಡ ಅನ್ನೋ ಮಾ.

ಇನ್ನು ಕನ್ನಡದ ಮಾ. ಮಾಮರ ಅನ್ನೋ ಪದ ಈಗಲೂ ಕವಿತೆಯಲ್ಲಿ ಹಾಡಲ್ಲಿ ಓಡಾಡುತ್ತೆ, ಅದರಲ್ಲಿರೋ ಮಾ ಬರೀ ಮಾವು. ಸಂಸ್ಕೃತಕ್ಕೂ ಇದಕ್ಕೂ ಸಂಬಂಧ ಇಲ್ಲ, ಇದು ದ್ರಾವಿಡದ ಸ್ವಂತ ಆಸ್ತಿ. ತಮಿಳಲ್ಲೂ ಮಾ ಅಂದ್ರೆ ಮಾವಿನ ಮರ, ಅದರ ಜೊತೆಗೆ ಅಲ್ಲಿ ಪ್ರಾಣಿ ಅಂತಾನೂ ಆಗುತ್ತೆ, ಹಿಟ್ಟು ಅಂತಾನೂ ಆಗುತ್ತೆ, ಲೆಕ್ಕದಲ್ಲಿ ಇಪ್ಪತ್ತರಲ್ಲೊಂದು ಭಾಗಕ್ಕೂ ಮಾ ಅಂತಲೇ ಹೆಸರು. ಈ ಮಾ ಹಡಗು ಹತ್ತಿದ ಕತೆ ಮಾತ್ರ ಕಾಕತಾಳೀಯ ಅಲ್ಲ, ಪಕ್ಕಾ ದಾಖಲೆ ಇರೋದು. ತಮಿಳಿನ ಮಾಂಗಾಯ್, ಮಲಯಾಳಂನ ಮಾಙ್ಙ ಪೋರ್ಚುಗೀಸರ ಬಾಯಲ್ಲಿ ಮಾಂಗ ಆಯ್ತು, ಅಲ್ಲಿಂದ ಇಂಗ್ಲಿಷಿನ ಮ್ಯಾಂಗೋ, ಹಾಗೇ ಯುರೋಪಿನ ಇನ್ನೆಷ್ಟೋ ಭಾಷೆಗಳಿಗೂ ಹೋಯ್ತು. ಪ್ರಪಂಚದ ಅರ್ಧ ಜನ ಗೊತ್ತಿಲ್ಲದೇ ದ್ರಾವಿಡದ ಈ ಒಂದು ಅಕ್ಷರಾನ ದಿನಾ ಹೇಳ್ತಿದಾರೆ, ಅದರ ಬೆನ್ನಿಗೆ ಅಂಟಿರೋ ಕಾಯಿ ಸಮೇತ. ಇಂಥದ್ದಕ್ಕೆ ಎರವಲು ಅಂತಾರೆ. ವ್ಯಾಪಾರ, ಹಡಗು, ಯಾರು ಯಾವಾಗ ಯಾರಿಂದ ಕೇಳಿಸಿಕೊಂಡ್ರು, ಎಲ್ಲಾ ಸಿಗುತ್ತೆ.

ಚೀನೀ ಮಾ ಹತ್ರ ಬಂದ್ರೆ ವಿಷಯ ಇನ್ನೂ ದಟ್ಟ. ನಮಗೆ ಮ ಬೇರೆ ಮಾ ಬೇರೆ, ಹ್ರಸ್ವ ದೀರ್ಘ ಕಿವಿಗೆ ತಟ್ಟನೆ ಗೊತ್ತಾಗುತ್ತೆ, ಅವರಿಗೆ ಅದು ಲೆಕ್ಕಕ್ಕಿಲ್ಲ, ದನಿಯ ಏರಿಳಿತ ಲೆಕ್ಕ. ಮ್ಯಾಂಡರಿನ್ನಲ್ಲಿ ಎತ್ತರದ ದನಿಯಲ್ಲಿ ಒಂದೇ ಸಮ ಎಳೆದ್ರೆ ಮಾ ಅಂದ್ರೆ ಅಮ್ಮ, ಕೆಳಗಿಂದ ಮೇಲೆ ಏರಿಸಿದ್ರೆ ಸೆಣಬಿನಂಥ ನಾರಿನ ಗಿಡ, ಇಳಿಸಿ ಮತ್ತೆ ಎತ್ತಿದ್ರೆ ಕುದುರೆ, ದಢಕ್ಕನೆ ಇಳಿಸಿದ್ರೆ ಬೈಯೋದು, ಯಾವ ಒತ್ತೂ ಇಲ್ಲದೆ ವಾಕ್ಯದ ಕೊನೆಗೆ ಹಗುರವಾಗಿ ಬಿಟ್ರೆ ಅದು ಪ್ರಶ್ನೆ, ನಾವು ‘ಬಂದ್ಯಾ’ ‘ಹೋದ್ಯಾ’ ಅನ್ನುವಾಗ ಕೊನೇಲಿ ಬರೋ ಆ ‘ಆ’ ಇದೆಯಲ್ಲ ಆ ಕೆಲಸ ಮಾಡುತ್ತೆ. ಭಾಷೆ ಕಲಿಯೋರಿಗೆ ಹೇಳಿಕೊಡೋ ಒಂದು ವಾಕ್ಯಾನೇ ಇದೆ, ನಮ್ಮ ಲಿಪಿಯಲ್ಲಿ ಬರೆದ್ರೆ ‘ಮಾಮ ಮಾ ಮಾ ಮ’, ಅರ್ಥ ‘ಅಮ್ಮ ಕುದುರೆಗೆ ಬೈತಿದಾಳಾ?’ ಅಂತ.

ಅದನ್ನ ಅವರು ಬರೆಯೋ ರೀತಿ ನೋಡಿ. ಅಮ್ಮ ಅನ್ನೋ ಅಕ್ಷರದಲ್ಲಿ ಎಡಗಡೆ ಹೆಣ್ಣಿನ ಚಿಹ್ನೆ, ಬಲಗಡೆ ಕುದುರೆ. ಬೈಯೋದಕ್ಕೆ ಮೇಲೆ ಎರಡು ಬಾಯಿ, ಕೆಳಗೆ ಕುದುರೆ. ಪ್ರಶ್ನೆಗೆ ಒಂದು ಬಾಯಿ, ಪಕ್ಕದಲ್ಲಿ ಕುದುರೆ. ಇರುವೆ ಅನ್ನೋ ಪದದ ಮೊದಲ ಅಕ್ಷರ ಕೂಡ ಮಾ, ಅಲ್ಲಿ ಹುಳದ ಚಿಹ್ನೆ ಪಕ್ಕ ಕುದುರೆ. ಅಂಕಿ ಸಂಖ್ಯೆ ಅನ್ನೋ ಅರ್ಥದ ಮಾ ಬೇಕಾದ್ರೆ ಕಲ್ಲಿನ ಪಕ್ಕ ಕುದುರೆ. ಅಮ್ಮನಿಗೂ ಕುದುರೆಗೂ ಇರುವೆಗೂ ಏನೂ ಸಂಬಂಧ ಇಲ್ಲ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತು, ಕುದುರೆ ಅಲ್ಲಿ ನಿಂತಿರೋದು ಬರೀ ಸದ್ದು ತೋರಿಸೋಕೆ, ಎಡಗಡೆಯೋ ಮೇಲೋ ಇರೋದು ಅರ್ಥದ ಸುಳಿವು. ಸದ್ದು ಬೇರೆ ಅರ್ಥ ಬೇರೆ ಅನ್ನೋದನ್ನ ಇಷ್ಟು ಚೊಕ್ಕವಾಗಿ ಅಕ್ಷರದ ಒಳಗೇ ಅಕ್ಕಪಕ್ಕ ಇಟ್ಟಿರೋ ಬರವಣಿಗೆ ನಂಗೆ ಬೇರೆಲ್ಲೂ ಇಷ್ಟು ಹಿಡಿಸಿಲ್ಲ. 1956ರಲ್ಲಿ ಚೀನಾ ಲಿಪಿ ಸರಳ ಮಾಡಿದಾಗ ಹತ್ತು ಗೆರೆಯ ಕುದುರೆ ಮೂರು ಗೆರೆಗೆ ಇಳೀತು, ಕಾಲು ಜೂಲು ಎಲ್ಲಾ ಹೋಯ್ತು, ಆದ್ರೂ ಅದರ ಕೆಲಸ ಅದೇ.

ವಿಯೆಟ್ನಾಮಿನಲ್ಲಿ ಆರು ದನಿ, ಆರು ಮಾ. ಸಮ ದನಿಯಲ್ಲಿ ದೆವ್ವ, ಏರು ದನಿಯಲ್ಲಿ ಅಮ್ಮ ಅಥವಾ ಕೆನ್ನೆ, ಇನ್ನೊಂದರಲ್ಲಿ ಸಮಾಧಿ, ಮತ್ತೊಂದರಲ್ಲಿ ಕುದುರೆ, ಮಗದೊಂದರಲ್ಲಿ ಭತ್ತದ ಸಸಿ, ಇಳಿದ ದನಿಯಲ್ಲಿ ‘ಆದ್ರೆ’. ಇಟಲಿಯವರ ‘ಆದ್ರೆ’ಗೂ ಇವರ ‘ಆದ್ರೆ’ಗೂ ನೂಲೆಳೆಯಷ್ಟೂ ಸಂಬಂಧ ಇಲ್ಲ, ಇಟಲಿಯದು ಲ್ಯಾಟಿನ್ನಿನ ‘ಮಾಗಿಸ್’, ಅಂದ್ರೆ ‘ಹೆಚ್ಚು’ ಅನ್ನೋ ಪದ ಸವೆದು ಸವೆದು ಉಳಿದ ತುಣುಕು. ಥಾಯ್ ಭಾಷೇಲಿ ಬರೋದು, ಕುದುರೆ, ನಾಯಿ ಮೂರೂ ಮಾ, ‘ನಾಯಿ ಬಂತು’ ಅನ್ನೋಕೂ ‘ಮಾ ಮಾ’, ‘ಕುದುರೆ ಬಂತು’ ಅನ್ನೋಕೂ ‘ಮಾ ಮಾ’, ದನಿ ಮಾತ್ರ ಬೇರೆ.

ಒಂದೇ ಅಕ್ಷರಕ್ಕೆ ಇಷ್ಟೊಂದು ಪದ ಬಂದು ಹೇಗೆ ಗುಡ್ಡೆ ಬಿದ್ವು ಅಂದ್ರೆ, ಅದಕ್ಕೊಂದು ಕಾರಣ ಇದೆ. 1954ರಲ್ಲಿ ಆಂದ್ರೆ-ಜಾರ್ಜ್ ಓದ್ರಿಕೂರ್ ಅನ್ನೋ ಫ್ರೆಂಚ್ ಭಾಷಾವಿಜ್ಞಾನಿ ತೋರಿಸಿಕೊಟ್ಟ ಹಾಗೆ ವಿಯೆಟ್ನಾಮಿ ಭಾಷೆಗೆ ಮೊದಲು ದನಿಯ ಏರಿಳಿತವೇ ಇರಲಿಲ್ಲ. ಪದದ ಕೊನೇಲಿ ವ್ಯಂಜನಗಳಿದ್ವು, ಅವು ಸವೆದು ಉದುರಿಹೋದ್ವು, ಉದುರೋಕೆ ಮುಂಚೆ ದನಿಯ ಮೇಲೆ ತಮ್ಮ ಗುರುತು ಬಿಟ್ಟುಹೋದ್ವು. ಅಂದ್ರೆ ಒಂದು ಕಾಲಕ್ಕೆ ಬೇರೆ ಬೇರೆ ಕೇಳಿಸ್ತಿದ್ದ ಪದಗಳೇ ಬಾಲ ಕಳಕೊಂಡು ಒಂದೇ ಅಕ್ಷರಕ್ಕೆ ಬಂದು ನಿಂತಿವೆ. ಭಾಷೆ ತುಂಡು ತುಂಡಾಗಿ ಸವೆದಷ್ಟೂ ಪದಗಳು ಒಂದರ ಹಾಗೆ ಇನ್ನೊಂದು ಆಗ್ತಾ ಹೋಗ್ತವೆ, ಯಾರೂ ಬೇಕು ಅಂತ ಮಾಡಿದ್ದಲ್ಲ.

ಟರ್ಕಿಯವರದ್ದು ಹೇಳದೇ ಮುಂದೆ ಹೋಗೋಕೆ ಮನಸ್ಸಿಲ್ಲ. ಅಲ್ಲಿ ಮಾ ಸ್ವತಂತ್ರ ಪದ ಅಲ್ಲ, ಕ್ರಿಯಾಪದದ ಹಿಂದೆ ಅಂಟಿಕೊಳ್ಳೋ ಪ್ರತ್ಯಯ, ಅದೂ ಎರಡು ಬೇರೆ ಬೇರೆ ಪ್ರತ್ಯಯ. ಒಂದು ಬೇಡ ಅನ್ನೋದು, ಇನ್ನೊಂದು ಕ್ರಿಯೆಯನ್ನ ಹೆಸರು ಮಾಡೋದು. ಕೊನುಷ್ ಅಂದ್ರೆ ಮಾತಾಡು. ‘ಕೊನುಷ್ಮಾ’ ಅಂತ ‘ನುಷ್’ ಮೇಲೆ ಒತ್ತು ಹಾಕಿದ್ರೆ ‘ಮಾತಾಡ್ಬೇಡ’, ಕೊನೆಯ ‘ಮಾ’ ಮೇಲೆ ಒತ್ತು ಹಾಕಿದ್ರೆ ‘ಮಾತು’, ‘ಭಾಷಣ’. ಬರೆದಾಗ ಎರಡೂ ಒಂದೇ. ಬೇಡ ಅನ್ನೋ ಈ ಟರ್ಕಿ ಮಾ ನೋಡಿ ಸಂಸ್ಕೃತದ ಮಾ ನೆನಪಾಗಿ ಯಾರಿಗಾದ್ರೂ ಕೈ ತುರಿಸುತ್ತೆ, ಅರ್ಥಾನೂ ಒಂದೇ ಸದ್ದೂ ಒಂದೇ ಅಲ್ವಾ ಅಂತ. ಬರ್ಮಾದವರೂ ಟಿಬೆಟ್ಟಿನವರೂ ಕ್ರಿಯಾಪದದ ಮುಂದೆ ‘ಮ’ ಹಾಕಿ ಇಲ್ಲ ಅಂತಾರೆ, ಅರಬ್ಬಿಯಲ್ಲೂ ‘ಮಾ’ ನಿಷೇಧಕ್ಕೆ ಬರುತ್ತೆ. ಸಾಲು ಬೆಳೀತಾನೇ ಹೋಗುತ್ತೆ. ಆದ್ರೆ ಟರ್ಕಿಯದು ಒಂದು ಕುಟುಂಬ, ಬರ್ಮಾ ಟಿಬೆಟ್ಟಿನದು ಇನ್ನೊಂದು, ಅರಬ್ಬಿಯದು ಮತ್ತೊಂದು, ಇವುಗಳ ನಡುವೆ ಸಂಬಂಧ ಇದೆ ಅಂತ ತೋರಿಸೋ ಬೇರೆ ಯಾವ ಕುರುಹೂ ಇಲ್ಲ. ಮುಖ ಹೋಲುತ್ತೆ ಅಂತ ದಾರೀಲಿ ಸಿಕ್ಕೋರನ್ನೆಲ್ಲಾ ಅಣ್ಣತಮ್ಮ ಅನ್ನೋಕಾಗುತ್ತಾ.

ಲೆಕ್ಕ ಹಾಕಿದ್ರೆ ಆಶ್ಚರ್ಯ ಪಡೋದು ಏನೂ ಇಲ್ಲ ಅಂತ ಗೊತ್ತಾಗುತ್ತೆ. ಹವಾಯಿ ಭಾಷೇಲಿ ಇರೋದೇ 8 ವ್ಯಂಜನ, 5 ಸ್ವರ, ಉದ್ದ ಗಿಡ್ಡ ಸೇರಿಸಿದ್ರೂ ಒಂದು ವ್ಯಂಜನ ಒಂದು ಸ್ವರದ ಅಕ್ಷರ 80 ದಾಟಲ್ಲ. ಮ್ಯಾಂಡರಿನ್ನಲ್ಲಿ ದನಿ ಬಿಟ್ರೆ ಸುಮಾರು 400 ಅಕ್ಷರ. ಪ್ರಪಂಚದಲ್ಲಿ ಸುಮಾರು 7000 ಭಾಷೆ, ಒಂದೊಂದಕ್ಕೂ ಸಾವಿರಾರು ಪದ ಬೇಕು, ಎಲ್ಲರ ಹತ್ರಾನೂ ಇರೋದು ಅದೇ ತುಟಿ ಅದೇ ನಾಲಿಗೆ ಅದೇ ಮೂಗು. ಅದರಲ್ಲೂ ‘ಮ’ ಕೆಲವೇ ಕೆಲವನ್ನ ಬಿಟ್ರೆ ಹೆಚ್ಚುಕಮ್ಮಿ ಎಲ್ಲಾ ಭಾಷೆಯಲ್ಲೂ ಇದೆ, ‘ಆ’ನೂ ಹಾಗೇ. ಹೀಗಿರುವಾಗ ಮಾ ಅನ್ನೋದನ್ನ ಯಾವುದೋ ಒಂದು ಅರ್ಥಕ್ಕೆ ಬಳಸದೇ ಇರೋ ಭಾಷೆ ಸಿಕ್ಕಿದ್ರೆ ಅದೇ ವಿಶೇಷ. ಸಾವಿರಾರು ಪದ ಪಕ್ಕಪಕ್ಕ ಇಟ್ಟಾಗ ಅಲ್ಲೊಂದು ಇಲ್ಲೊಂದು ಅರ್ಥವೂ ಕೂಡಿ ಬರೋದೂ ಸಹಜ. ಚೀನೀ ‘ನೀ’ ಅಂದ್ರೂ ನೀನು, ನಮ್ಮ ‘ನೀ’ ಅಂದ್ರೂ ನೀನು, ಇದನ್ನ ಎಷ್ಟು ಜನ ಫಾರ್ವರ್ಡ್ ಮಾಡಿದಾರೋ. ಎರಡೂ ಪದದ ಹಳೇ ರೂಪದ ಜಾಡು ಹಿಡಿದು ಹೋದ್ರೆ ಬೇರೆ ಬೇರೆ ಕಡೆಗೇ ಹೋಗ್ತವೆ.

ಇದಕ್ಕಿಂತ ಚೆಂದದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕಡೆಯ ಬಬರಂ ಅನ್ನೋ ಮೂಲನಿವಾಸಿಗಳ ಭಾಷೇದು. ಆರ್ ಎಂ ಡಬ್ಲ್ಯೂ ಡಿಕ್ಸನ್ ಅನ್ನೋ ಭಾಷಾವಿಜ್ಞಾನಿ 1960ರ ದಶಕದಲ್ಲಿ ಅಲ್ಲಿ ನಾಯಿಗೆ ಏನಂತಾರೆ ಅಂತ ಕೇಳಿದಾಗ ಬಂದ ಉತ್ತರ ‘ಡಾಗ್’. ಇಂಗ್ಲಿಷಿನಿಂದ ತಗೊಂಡಿದ್ದು ಅಂತ ಯಾರಾದ್ರೂ ಕಣ್ಣುಮುಚ್ಚಿ ಹೇಳ್ತಾರೆ, ಆದ್ರೆ ಅಲ್ಲ. ಪಕ್ಕದ ಭಾಷೆಗಳಲ್ಲಿ ಅದೇ ಪದ ‘ಗುಡಗ’, ‘ಗುಡ’ ಅಂತ ಇದೆ, ಬಬರಂನಲ್ಲಿ ಪದದ ಮೊದಲ ಭಾಗ ಉದುರಿಹೋಗೋದು ನಿಯಮ, ಕೊನೆಯ ಸ್ವರ ಉದುರೋದೂ ನಿಯಮ, ಮೊದಲಿದ್ದ ‘ಗ’ದ ಪ್ರಭಾವಕ್ಕೆ ನಡುವಿನ ಸ್ವರ ‘ಆ’ದಿಂದ ‘ಒ’ ಕಡೆಗೆ ಹೊರಳೋದೂ ನಿಯಮ, ಎಲ್ಲಾ ಆಗಿ ಉಳಿದದ್ದು ಡಾಗ್. ಭೂಮಿಯ ಎರಡು ತುದೀಲಿ ಎರಡು ಭಾಷೆ ತಮ್ಮ ಪಾಡಿಗೆ ತಾವು ನಡೆದು ಬಂದು ಒಂದೇ ಸದ್ದು ಒಂದೇ ಅರ್ಥದಲ್ಲಿ ಎದುರು ಬದುರಾದ್ವು.

ಹಾಗಾದ್ರೆ ನಿಜವಾದ ಸಂಬಂಧ ಹೇಗೆ ಗೊತ್ತಾಗುತ್ತೆ? ಒಂದು ಪದ ಹೋಲಿದ್ರೆ ಸಾಲದು, ಒಂದೇ ರೀತಿ ವ್ಯತ್ಯಾಸ ಮತ್ತೆ ಮತ್ತೆ ಬರಬೇಕು. ತಮಿಳಿನ ಪಾಲ್ ನಮ್ಮ ಹಾಲು, ಪುಲಿ ಹುಲಿ, ಪಲ್ ಹಲ್ಲು, ಪತ್ತು ಹತ್ತು. ಸುಮಾರು 10ನೇ ಶತಮಾನದಿಂದ ಶುರುವಾಗಿ ಕನ್ನಡದಲ್ಲಿ ಪದದ ಮೊದಲಿನ ‘ಪ’ ಸಾಲು ಸಾಲಾಗಿ ‘ಹ’ ಆಯ್ತು, ಹಳೇ ಶಾಸನಗಳಲ್ಲಿ ಪಾಲ್ ಅಂತಲೇ ಇರೋದನ್ನ ಓದಬಹುದು. ನಾವು ಕಿವಿ ಅಂದ್ರೆ ಅವರು ಸೆವಿ, ನಮ್ಮ ಕೆಂಪಿಗೆ ಅವರದ್ದು ಸೆಂ, ಅಲ್ಲಿ ನಮ್ಮ ‘ಕ’ನೇ ಹಳೇದು. ವ್ಯತ್ಯಾಸವೇ ಪುರಾವೆ, ಹೋಲಿಕೆ ಅಲ್ಲ. ಸಂಸ್ಕೃತದ ಚಕ್ರಕ್ಕೂ ಇಂಗ್ಲಿಷಿನ ವೀಲ್‌ಗೂ ಕಿವಿಗೆ ಏನೂ ಸಾಮ್ಯ ಇಲ್ಲ, ಎರಡೂ ಒಂದೇ ಬೇರಿಂದ ಬಂದಿದ್ದು. ಅರ್ಮೇನಿಯನ್ ಭಾಷೆಯ ‘ಎರ್ಕು’ ಅಂದ್ರೆ ಎರಡು, ಅದು ನಮಗೆ ಗೊತ್ತಿರೋ ಸಂಸ್ಕೃತದ ‘ದ್ವಿ’ಯ ಒಡಹುಟ್ಟು ಅಂದ್ರೆ ನಂಬೋಕಾಗಲ್ಲ, ಆದ್ರೆ ಉದ್ದ ಅನ್ನೋ ಪದದಲ್ಲೂ ಭಯ ಅನ್ನೋ ಪದದಲ್ಲೂ ಹಳೆಯ ‘ದ್ವ’ ಇದ್ದ ಕಡೆ ಅರ್ಮೇನಿಯನ್ನಲ್ಲಿ ‘ಎರ್ಕ’ ಬಂದಿದೆ. ಎರ್ಕು ಮತ್ತು ಎರಡು ಕೇಳೋಕೆ ಹತ್ತಿರ ಇದಾವಲ್ಲ ಅಂತ ನಾವು ಅಂದುಕೊಂಡ್ರೆ, ಅದು ಮತ್ತೆ ಕಾಕತಾಳೀಯ!

ಇದೇ ಕಣ್ಣಲ್ಲಿ ಮಾಗಳ ಗುಂಪನ್ನ ಮತ್ತೆ ನೋಡಿದ್ರೆ ಕೆಲವು ನಿಜವಾದ ನೆಂಟರು ಸಿಗ್ತಾರೆ. ಸಂಸ್ಕೃತದ ‘ಬೇಡ’ ಅನ್ನೋ ಮಾಗೆ ಗ್ರೀಕಿನ ‘ಮೇ’, ಹಳೇ ಪರ್ಷಿಯನ್ನಿನ ಮಾ, ಅರ್ಮೇನಿಯನ್ನಿನ ‘ಮಿ’ ಒಡಹುಟ್ಟಿದವು. ಫ್ರೆಂಚಿನಲ್ಲಿ ‘ಮಾ’ ಅಂದ್ರೆ ‘ನನ್ನ’, ಸ್ತ್ರೀಲಿಂಗದ ಪದದ ಮುಂದೆ ಬರೋದು. ಅದು ಸಂಸ್ಕೃತದ ‘ಮಮ’, ಅಂದ್ರೆ ‘ನನ್ನದು’ ಅನ್ನೋದಕ್ಕೆ ದೂರದ ನೆಂಟ. ಮಮತೆ ಅನ್ನೋ ಪದ ನಾವು ತಾಯಿ ಜೊತೆ ಎಷ್ಟು ಸೇರಿಸಿಬಿಟ್ಟಿದೀವಿ ಅಂದ್ರೆ ಅದರಲ್ಲಿ ಅಮ್ಮನೇ ಇದಾಳೆ ಅನ್ಸುತ್ತೆ, ಇರೋದು ‘ಮಮ’, ನನ್ನದು ಅನ್ನೋ ಭಾವ. ಹಾಗಾಗಿ ಫ್ರೆಂಚಿನ ‘ಮಾ’ಗೂ ನಮ್ಮ ‘ಮಮತೆ’ಗೂ ರಕ್ತಸಂಬಂಧ ಇದೆ, ಹಿಂದಿಯ ‘ಮಾ’ಗೂ ‘ಮಮತೆ’ಗೂ ಇಲ್ಲ. ಕಿವಿ ಹೇಳೋದಕ್ಕೆ ಪೂರ್ತಿ ಉಲ್ಟಾ.

ಅಮ್ಮನ ವಿಷಯ ಮಾತ್ರ ಬೇರೆಯದೇ. ಹಿಂದಿಯಲ್ಲಿ, ಚೀನಾದಲ್ಲಿ, ವಿಯೆಟ್ನಾಮಿನಲ್ಲಿ, ನಮ್ಮ ಅಮ್ಮದಲ್ಲೂ ಮಕಾರ ಇದೆ, ಇದೂ ಆಕಸ್ಮಿಕ ಅಂತ ಹೇಳಿದ್ರೆ ಯಾರೂ ಒಪ್ಪಲ್ಲ, ಒಪ್ಪಬಾರದು ಕೂಡ. ಇದು ಎರವಲೂ ಅಲ್ಲ, ಒಂದೇ ಬೇರೂ ಅಲ್ಲ, ಕೂಸಿನ ಬಾಯಿ. ರೋಮನ್ ಯಾಕಬ್ಸನ್ ಅನ್ನೋ ಭಾಷಾವಿಜ್ಞಾನಿ 1960ರಲ್ಲಿ ಪ್ರಕಟವಾದ ಒಂದು ಲೇಖನದಲ್ಲಿ ಇದನ್ನ ವಿವರಿಸಿದ್ರು. ಮಗು ಹಾಲು ಕುಡಿಯುವಾಗ ಬಾಯಿ ಮುಚ್ಚಿರುತ್ತೆ, ಆಗ ಹೊರಡೋಕೆ ಸಾಧ್ಯ ಇರೋದು ಮೂಗಿನ ಸದ್ದು ಒಂದೇ. ಆ ಸದ್ದೇ ಆಮೇಲೆ ಹಾಲು ಬೇಕು, ಅವಳು ಬೇಕು ಅನ್ನೋ ಕರೆಯಾಗುತ್ತೆ, ಸುತ್ತ ಇರೋ ದೊಡ್ಡವರು ಓ ನನ್ನನ್ನೇ ಕರೀತಿದೆ ಅಂತ ಅದಕ್ಕೆ ಹೆಸರಿನ ಪಟ್ಟ ಕಟ್ತಾರೆ. ಜಾರ್ಜ್ ಮರ್ಡಾಕ್ ಅನ್ನೋ ಮಾನವಶಾಸ್ತ್ರಜ್ಞ ಕಲೆಹಾಕಿದ ತಂದೆತಾಯಿ ಪದಗಳ ದೊಡ್ಡ ಪಟ್ಟಿ ನೋಡಿ ಯಾಕಬ್ಸನ್ ಹೇಳಿದ್ದು, ತಾಯಿಗಿರೋ ಪದಗಳಲ್ಲಿ 55 ಪ್ರತಿಶತದಲ್ಲಿ ಮೂಗಿನ ವ್ಯಂಜನ, ತಂದೆಗಿರೋ ಪದಗಳಲ್ಲಿ ಬರೀ 15. ಪ್ರತಿ ಭಾಷೆಯಲ್ಲೂ, ಪ್ರತಿ ತಲೆಮಾರಿನಲ್ಲೂ ಈ ಪದ ಹೊಸದಾಗಿ ಹುಟ್ಟೋಕೆ ತಯಾರಾಗೇ ಇರುತ್ತೆ. ನಂಗೆ ಇದು ಎಲ್ಲಾ ಭಾಷೆಗೂ ಒಂದೇ ಮೂಲ ಅನ್ನೋ ಕತೆಗಿಂತ ದೊಡ್ಡ ಸಂಗತಿ ಅನ್ಸುತ್ತೆ.

ಆದ್ರೆ ಇದೂ ಕಬ್ಬಿಣದ ನಿಯಮ ಅಲ್ಲ. ಅಪ್ಪನ ಪದಗಳ ಆ 15ರಲ್ಲಿ ಬರೋರು ಜಾರ್ಜಿಯಾದವರು, ಅವರಿಗೆ ‘ಮಾಮಾ’ ಅಂದ್ರೆ ಅಪ್ಪ, ‘ಡೆಡ’ ಅಂದ್ರೆ ಅಮ್ಮ. ಆಸ್ಟ್ರೇಲಿಯಾದ ಪಿಟ್ಜಂಟ್ಜಟ್ಜರ ಭಾಷೇಲೂ ಮಾಮಾ ಅಂದ್ರೆ ಅಪ್ಪ. ಕನ್ನಡದಲ್ಲಿ ಮಾಮ ಅಂದ್ರೆ ಅಮ್ಮನ ಅಣ್ಣನೋ ತಮ್ಮನೋ. ಮಗು ಸದ್ದು ಕೊಡುತ್ತೆ, ಯಾರು ಓಗೊಡಬೇಕು ಅನ್ನೋದನ್ನ ತೀರ್ಮಾನ ಮಾಡೋದು ಆಯಾ ಭಾಷೆಯ ಜನ.

ಫಿನ್ಲೆಂಡಿನವರ ‘ಮಾ’ ಬಗ್ಗೆ ಇನ್ನೊಂದು ಮಾತು ಬಾಕಿ ಇದೆ. ನೆಲ, ದೇಶ ಎರಡಕ್ಕೂ ಅದೇ ಪದ, ಅದರ ಜೊತೆ ಗಾಳಿ ಅನ್ನೋ ಅರ್ಥದ ‘ಇಲ್ಮಾ’ ಸೇರಿಸಿದ್ರೆ ‘ಮಾಇಲ್ಮಾ’, ಅಂದ್ರೆ ಪ್ರಪಂಚ. ನೆಲ ಮತ್ತು ಗಾಳಿ, ಅಷ್ಟೇ ಪ್ರಪಂಚ! ಅವರ ಪಕ್ಕದ ಎಸ್ಟೋನಿಯಾದವರು ದೀರ್ಘವಾಗಿ ‘ಮಾ’ ಅಂದ್ರೆ ನೆಲ, ಹ್ರಸ್ವವಾಗಿ ‘ಮ’ ಅಂದ್ರೆ ನಾನು, 19ನೇ ಶತಮಾನದ ನಡುವಿನವರೆಗೂ ತಮ್ಮನ್ನ ತಾವು ‘ಮಾರಹ್ವಸ್’, ನೆಲದ ಜನ ಅಂತಲೇ ಕರಕೊಳ್ತಿದ್ರು. ನಾನು ಅನ್ನೋ ಆ ‘ಮ’, ‘ಮಿನ’ ಅನ್ನೋದರ ಗಿಡ್ಡ ರೂಪ, ಫಿನ್ಲೆಂಡಿನಲ್ಲೂ ‘ಮಿನ್ಯಾ’ ಅಂತ ಇದೆ. ಅದಕ್ಕೂ ಸಂಸ್ಕೃತ ಫ್ರೆಂಚ್ ಕಡೆಯ ‘ಮಮ’, ‘ಮಾ’ಗಳಿಗೂ ಬಹಳ ಹಿಂದೆ ಎಲ್ಲೋ ಒಂದು ಬೇರು ಇರಬಹುದು ಅಂತ ಕೆಲವು ವಿದ್ವಾಂಸರು ವಾದ ಮಾಡ್ತಾರೆ, ಕೆಲವರು ಇಲ್ಲ ಅಂತಾರೆ. ಹಾಲು ಪಾಲ್‌ನಂಥ ನಿಯಮದ ಸಾಲು ಸಾಕಷ್ಟು ಉದ್ದಕ್ಕೆ ಸಿಗದೇ ಇರೋದ್ರಿಂದ ಆ ವಾದ ಇನ್ನೂ ಇತ್ಯರ್ಥ ಆಗಿಲ್ಲ, ಸಿಕ್ಕೋವರೆಗೂ ಅವನ್ನ ಬೇರೆ ಬೇರೆ ಅಂತಲೇ ಇಟ್ಟಿರೋದು ಸರಿ ಅಂತ ನನ್ನ ಅಭಿಪ್ರಾಯ.